ಮಾರಾಟಕ್ಕಿಲ್ಲದ ಜಿದ್ದು

1998ರ ಆಗಸ್ಟ್ 22, ಶನಿವಾರ. ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಮೈದಾನದಲ್ಲಿ ಐರ್ಲೆಂಡಿನ ಹರ್ಲಿಂಗ್ ಚಾಂಪಿಯನ್‌ಶಿಪ್‌ನ ಸೆಮಿಫೈನಲ್ ಮರುಪಂದ್ಯ. ಒಂದು ಕಡೆ ಕ್ಲೇರ್ ಕೌಂಟಿ, ಇನ್ನೊಂದು ಕಡೆ ಆಫಲಿ ಕೌಂಟಿ. ಕ್ಲೇರ್ ಮೂರು ಪಾಯಿಂಟ್ ಮುಂದಿತ್ತು. ರೆಫರಿ ಜಿಮ್ಮಿ ಕೂನಿ ಗಡಿಯಾರ ನೋಡಿ ಸೀಟಿ ಊದಿದರು. ಆಟ ಮುಗಿಯಲು ಇನ್ನೂ ಸುಮಾರು ಎರಡು ನಿಮಿಷ ಬಾಕಿ ಇತ್ತು. ಹರ್ಲಿಂಗ್‌ನಲ್ಲಿ ಮೂರು ಪಾಯಿಂಟ್ ಅಂದರೆ ಒಂದೇ ಒಂದು ಗೋಲು. ಎರಡು ನಿಮಿಷ ಅದಕ್ಕೆ ಧಾರಾಳ.

ಆಫಲಿಯಿಂದ ಬಂದಿದ್ದ ಜನ ಮೈದಾನಕ್ಕೆ ಇಳಿದರು. ಇಳಿದು ಹುಲ್ಲಿನ ಮೇಲೆ ಕೂತರು. ಕೂತವರು ಏಳಲಿಲ್ಲ. ಅದೇ ಮೈದಾನದಲ್ಲಿ ಮುಂದೆ ನಡೆಯಬೇಕಿದ್ದ ಇನ್ನೊಂದು ಪಂದ್ಯ ನಡೆಯಲಿಲ್ಲ. ಕೊನೆಗೆ ಆಡಳಿತ ಮಂಡಳಿ ಮಣಿದು ಮತ್ತೊಮ್ಮೆ ಆಡಿಸುವುದಾಗಿ ಹೇಳಿತು. ಒಂದು ವಾರದ ನಂತರ ಥರ್ಲಸ್ ಪಟ್ಟಣದಲ್ಲಿ ಮೂರನೆಯ ಬಾರಿ ಆಡಿದಾಗ ಆಫಲಿ ಗೆದ್ದಿತು. ಮುಂದೆ ಫೈನಲ್‌ನಲ್ಲಿ ಕಿಲ್ಕೆನಿಯನ್ನೂ ಸೋಲಿಸಿ ಆ ವರ್ಷದ ಚಾಂಪಿಯನ್ ಆಯಿತು.

ಈ ಕತೆಯನ್ನು ಕೇಳಿದ ವಿವೇಕಿಗಳು ಒಂದು ನಗೆ ನಗುತ್ತಾರೆ. ಜಗತ್ತು ಎಲ್ಲಿಗೋ ಹೋಗಿದೆ, ಇವರು ಇನ್ನೂ ಜಿಲ್ಲೆ ಜಿಲ್ಲೆ ಅಂತ ಕಚ್ಚಾಡುತ್ತಿದ್ದಾರೆ ಎಂಬ ನಗೆ. ಊರಾಭಿಮಾನ ಎಂದರೆ ಬಾವಿಯ ಕಪ್ಪೆಯ ಅಭಿಮಾನ ಎಂದು ತೀರ್ಮಾನಿಸಿರುವವರ ನಗೆ. ಆ ನಗೆ ತಪ್ಪು. ಐರ್ಲೆಂಡಿನ ಕೌಂಟಿ ಜಿದ್ದು ಬೆಳೆದು ದೊಡ್ಡವರಾದ ಮೇಲೆ ಬಿಡಬೇಕಾದ ಚಾಳಿಯಲ್ಲ. ಇವತ್ತಿನ ಕ್ರೀಡೆಯಲ್ಲಿ ದುಡ್ಡಿಗೆ ಸಿಗದ ಕೆಲವೇ ವಸ್ತುಗಳಲ್ಲಿ ಅದೊಂದು. ಅದನ್ನು ಹಳ್ಳಿಗಾಡಿನ ಸಣ್ಣತನ ಎನ್ನುವವರೂ ತಪ್ಪು, ಅದನ್ನು ಒಳ್ಳೆ ಸರಕು ಎಂದು ಮಾರಲು ಹೊರಟವರೂ ತಪ್ಪು. ಜಿದ್ದು ಸೋತ ಮೇಲೂ ಮರುವರ್ಷ ಬರುವವರ ಸ್ವತ್ತು. ಅದನ್ನು ಕತ್ತರಿಸುವ ಹಕ್ಕೂ ಮಾರುವ ಹಕ್ಕೂ ಬೇರೆ ಯಾರಿಗೂ ಇಲ್ಲ.

ಮೊದಲು ಆಟ ಏನು ಎಂದು ತಿಳಿಯೋಣ. ಒಂದೊಂದು ತಂಡಕ್ಕೆ 15 ಜನ. ಕೈಯಲ್ಲಿ ತುದಿ ಅಗಲವಾಗಿರುವ ಮರದ ಕೋಲು, ಸಾಂಪ್ರದಾಯಿಕವಾಗಿ ಆ್ಯಶ್ ಮರದ್ದು. ಅದರ ಹೆಸರು ಹರ್ಲಿ. ಚರ್ಮದ ಹೊದಿಕೆಯ ಗಟ್ಟಿ ಚೆಂಡು; ಅದರ ಹೆಸರು ಸ್ಲಿಟರ್. ಗೋಲು ಕಂಬಗಳು ರಗ್ಬಿಯ ಹಾಗೆ ಎತ್ತರ. ಅಡ್ಡಪಟ್ಟಿಯ ಮೇಲಿಂದ ಚೆಂಡು ಹೋದರೆ ಒಂದು ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಪಾಯಿಂಟ್. ಕೌಂಟಿಗಳ ಹಿರಿಯರ ಪಂದ್ಯ 70 ನಿಮಿಷ. ಹೆಲ್ಮೆಟ್ ಎಲ್ಲರಿಗೂ ಕಡ್ಡಾಯವಾದದ್ದು 2010ರಲ್ಲಿ; ಅದಕ್ಕೂ ಮೊದಲು ಆ ಕೋಲುಗಳ ನಡುವೆ ಬರಿತಲೆಯಲ್ಲಿ ಓಡುತ್ತಿದ್ದವರಿದ್ದರು.

ಆಟವನ್ನು ನಡೆಸುವುದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಚಿಕ್ಕದಾಗಿ ಜಿಎಎ. ಕ್ಲೇರ್‌ನಲ್ಲಿ ಹುಟ್ಟಿದ ಮೈಕಲ್ ಕ್ಯೂಸ್ಯಾಕ್ ಎಂಬ ಮೇಷ್ಟರು ಮುಂದೆ ನಿಂತು 1884ರ ನವೆಂಬರ್ 1ರಂದು ಥರ್ಲಸ್‌ನ ಒಂದು ಹೋಟೆಲಿನಲ್ಲಿ ಅದನ್ನು ಕಟ್ಟಿದರು. 1887ರಲ್ಲಿ ಅಖಿಲ ಐರ್ಲೆಂಡ್ ಚಾಂಪಿಯನ್‌ಶಿಪ್ ಶುರುವಾಯಿತು. ಅಂದಿನಿಂದ ಇಂದಿನವರೆಗೆ ಆಟಗಾರರಿಗೆ ಸಂಬಳವಿಲ್ಲ. ಓಡಾಟದ ಖರ್ಚು ಸಿಗುತ್ತದೆ, ಸರ್ಕಾರದ ಸಣ್ಣ ಅನುದಾನ ಸಿಗುತ್ತದೆ, ಅಷ್ಟೆ. ಭಾನುವಾರ 82 ಸಾವಿರ ಜನರ ಎದುರು ಫೈನಲ್ ಆಡಿದವನು ಶಾಲೆಗೋ ಬ್ಯಾಂಕಿಗೋ ಹೊಲಕ್ಕೋ ವಾಪಸ್ ಹೋಗಲೇಬೇಕು. ಕಿಲ್ಕೆನಿಗೆ ಮ್ಯಾನೇಜರ್ ಆಗಿ 11 ಬಾರಿ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಬ್ರಯನ್ ಕೋಡಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯ. ಹುಡುಗ ತಾನು ಬೆಳೆದ ಊರಿನ ಕ್ಲಬ್ಬಿಗೆ ಆಡುತ್ತಾನೆ. ಆ ಕ್ಲಬ್ ಯಾವ ಕೌಂಟಿಯಲ್ಲಿದೆಯೋ ಸಾಮಾನ್ಯವಾಗಿ ಅದೇ ಅವನ ಕೌಂಟಿ. ವಾಸ ಬದಲಾದರೆ ವರ್ಗಾವಣೆ ಕೇಳಬಹುದು. ಆದರೆ ಹರಾಜಿಲ್ಲ, ಬೆಲೆಚೀಟಿಯಿಲ್ಲ. ಕಾರ್ಕ್ ಕೌಂಟಿಗೆ ಒಬ್ಬ ಗೋಲಿ ಬೇಕಾದರೆ ಕಿಲ್ಕೆನಿಯಿಂದ ಕೊಂಡುತರುವ ಹಾಗಿಲ್ಲ. ತನ್ನಲ್ಲೇ ಬೆಳೆಸಬೇಕು, ಇಲ್ಲವೇ ಸೋಲಬೇಕು.

ಇಷ್ಟು ತಿಳಿದ ಮೇಲೆ ವಿವೇಕಿಗಳ ವಾದಗಳನ್ನು ಒಂದೊಂದಾಗಿ ನೋಡಬಹುದು.

ಮೊದಲ ವಾದ ಕೇಳಲು ಬಹಳ ಜಾಣತನದ್ದು. ಈ ಕೌಂಟಿಗಳನ್ನು ಐರಿಷ್ ಜನ ಮಾಡಿಕೊಂಡದ್ದಲ್ಲ, ಇಂಗ್ಲಿಷ್ ಆಳ್ವಿಕೆ ಕಂದಾಯಕ್ಕೂ ನ್ಯಾಯಾಲಯಕ್ಕೂ ಎಳೆದ ಗೆರೆಗಳು ಅವು. ಕೊನೆಯ ಕೌಂಟಿಯಾದ ವಿಕ್ಲೊ ರೂಪುಗೊಂಡದ್ದು 1606ರಲ್ಲಿ. ಹಾಗಿರುವಾಗ ವಸಾಹತು ಆಡಳಿತದ ಗೆರೆಗೆ ಇಷ್ಟು ಕಣ್ಣೀರು ಯಾಕೆ, ಅದರಲ್ಲೂ ಇಂಗ್ಲಿಷ್ ಆಟಗಳಿಗೆ ಎದುರಾಗಿ ಹುಟ್ಟಿದ ಸಂಸ್ಥೆ ಆ ಗೆರೆಯನ್ನೇ ಅಪ್ಪಿಕೊಂಡದ್ದು ವಿಪರ್ಯಾಸವಲ್ಲವೇ ಎಂದು ಕೇಳುತ್ತಾರೆ.

ವಿಪರ್ಯಾಸ ಹೌದು. ಆದರೆ ವಾದವಾಗಿ ಅದು ಪೊಳ್ಳು. ಗೆರೆ ಯಾರು ಎಳೆದರು ಎಂಬುದು ಒಂದು ಪ್ರಶ್ನೆ, ಗೆರೆಯ ಎರಡೂ ಕಡೆ ಜನ ಏನು ಮಾಡಿದರು ಎಂಬುದು ಇನ್ನೊಂದು. ಸರ್ಕಾರ ತನ್ನ ಗೆರೆಗಳನ್ನು ಅಳಿಸಿದ ಮೇಲೂ ಆಟ ಅವನ್ನು ಉಳಿಸಿಕೊಂಡಿದೆ. ಆಡಳಿತದ ಲೆಕ್ಕದಲ್ಲಿ ಡಬ್ಲಿನ್ ಕೌಂಟಿ 1994ರಲ್ಲಿ ಇಲ್ಲವಾಗಿ ಮೂರು ಹೊಸ ಕೌಂಟಿಗಳಾದವು. ಮೈದಾನದಲ್ಲಿ ಡಬ್ಲಿನ್ ಒಂದೇ. ಟಿಪ್ಪರರಿಯನ್ನು ಸರ್ಕಾರ ಉತ್ತರ, ದಕ್ಷಿಣ ಎಂದು ಎರಡು ಮಾಡಿ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಸಿ 2014ರಲ್ಲಿ ಮತ್ತೆ ಸೇರಿಸಿತು. ನೀಲಿ ಹಳದಿ ಅಂಗಿ ತೊಟ್ಟವರಿಗೆ ಅದು ಯಾವತ್ತೂ ಎರಡಾಗಿರಲೇ ಇಲ್ಲ. ಉತ್ತರ ಐರ್ಲೆಂಡಿನ ಆರು ಕೌಂಟಿಗಳು 1973ರಿಂದ ಸ್ಥಳೀಯ ಆಡಳಿತದ ಘಟಕಗಳೇ ಅಲ್ಲ. ಆಂಟ್ರಿಮ್, ಡೌನ್, ಡೆರಿ ತಂಡಗಳು ಈಗಲೂ ಕಣಕ್ಕಿಳಿಯುತ್ತವೆ. ಅಂದರೆ ಕಂದಾಯ ಇಲಾಖೆಯ ಗೆರೆ ಎಂದೋ ಹೋಯಿತು. ಈಗ ಉಳಿದಿರುವುದು ಬೇಸಿಗೆಯಿಂದ ಬೇಸಿಗೆಗೆ, ಸೋಲಿನಿಂದ ಸೋಲಿಗೆ ಜನ ತಾವೇ ಎಳೆದ ಗೆರೆ.

ಭಾಷೆ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಕನ್ನಡದಲ್ಲಿ 'ಲ'ಕ್ಕೆ ಬೆಲೆ ಬಂದದ್ದು ಪಕ್ಕದಲ್ಲಿ 'ಳ' ಇರುವುದರಿಂದ. ನಾಲಿಗೆ ಒಂದಿಷ್ಟು ಹಿಂದಕ್ಕೆ ಹೊರಳಿದರೆ ಗೋಡೆಯ ಮೇಲಿನ ಹಲ್ಲಿ ಇಡೀ ಹಳ್ಳಿಯಾಗುತ್ತದೆ. ಆ ಎರಡು ಧ್ವನಿಗಳು ಬಾಯಲ್ಲಿ ಹುಟ್ಟುವುದು ಪಕ್ಕಪಕ್ಕದಲ್ಲೇ. ದೂರದ ಧ್ವನಿಗಳನ್ನು ಕಿವಿ ಸುಲಭವಾಗಿ ಬೇರೆ ಮಾಡುತ್ತದೆ. ಹತ್ತಿರದವುಗಳ ನಡುವೆಯೇ ಎಚ್ಚರ ಬೇಕು. ಕಿಲ್ಕೆನಿಗೆ ಟಿಪ್ಪರರಿ ಹಾಗೆ. ಒಂದೇ ಭಾಷೆ, ಒಂದೇ ಧರ್ಮ, ಒಂದೇ ಮಳೆ, ಒಂದೇ ಬಗೆಯ ಹುಲ್ಲುಗಾವಲು, ಅಂಟಿಕೊಂಡ ಗಡಿ. ಬೇರೆ ಎಂದು ತೋರಿಸಿಕೊಳ್ಳಲು ಇರುವುದು ಅಂಗಿಯ ಬಣ್ಣ ಮತ್ತು ಆಟದ ವರಸೆ ಮಾತ್ರ. ದೂರದವನ ಮೇಲೆ ದ್ವೇಷ ಹುಟ್ಟಬಹುದು, ಜಿದ್ದು ಹುಟ್ಟುವುದಿಲ್ಲ. ಜಿದ್ದಿಗೆ ದಾಯಾದಿಯೇ ಬೇಕು.

ಆ ದಾಯಾದಿತನ ಏನು ಕೊಟ್ಟಿತು ಎಂದು ನೋಡಿ. 1922ರಲ್ಲಿ ಟಿಪ್ಪರರಿಯನ್ನು ಸೋಲಿಸಿದ ಕಿಲ್ಕೆನಿ ಮತ್ತೆ ಚಾಂಪಿಯನ್‌ಶಿಪ್‌ನಲ್ಲಿ ಅದೇ ತಂಡವನ್ನು ಸೋಲಿಸಲು 1967ರವರೆಗೆ ಕಾಯಬೇಕಾಯಿತು. 45 ವರ್ಷ! ಅಪ್ಪ ಸೋತದ್ದನ್ನು ಮಗ ನೋಡಿದ, ಮಗನೂ ಸೋತ. ನಂತರ ಕಾಲ ತಿರುಗಿತು. ಕೋಡಿಯವರ ಕಿಲ್ಕೆನಿ 2006ರಿಂದ 2009ರವರೆಗೆ ಸತತ ನಾಲ್ಕು ಬಾರಿ ಗೆದ್ದು, ಯಾವ ಕೌಂಟಿಯೂ ಸಾಧಿಸದ ಐದನೆಯದಕ್ಕೆ ಕೈಚಾಚಿತು. 2010ರ ಫೈನಲ್‌ನಲ್ಲಿ ಅಡ್ಡ ನಿಂತದ್ದು ಟಿಪ್ಪರರಿ. ಲಾರ್ ಕಾರ್ಬೆಟ್ ಒಬ್ಬರೇ ಮೂರು ಗೋಲು ಹೊಡೆದರು. ಮುಂದಿನ ವರ್ಷ ಕಿಲ್ಕೆನಿ ಬಾಕಿ ಚುಕ್ತಾ ಮಾಡಿತು. 2014ರ ಫೈನಲ್ ಸಮವಾಗಿ ಮುಗಿಯಿತು. ಕೊನೆಯ ಕ್ಷಣದಲ್ಲಿ ಟಿಪ್ಪರರಿ ಹೊಡೆದ ಚೆಂಡು ಕಂಬದ ಹೊರಗೆ ಹೋಯಿತೆಂದು ಹಾಕ್ ಐ ತಂತ್ರಜ್ಞಾನ ಹೇಳಬೇಕಾಯಿತು. ಮರುಪಂದ್ಯ ಕಿಲ್ಕೆನಿಗೆ. 2016 ಮತ್ತು 2019 ಟಿಪ್ಪರರಿಗೆ. ಹನ್ನೊಂದು ವರ್ಷಗಳಲ್ಲಿ ಆರು ಫೈನಲ್‌ಗಳು ಈ ಎರಡು ನೆರೆಮನೆಗಳ ನಡುವೆ.

ಕೋಡಿಯವರ ತಂಡ ಅಷ್ಟು ದೊಡ್ಡದಾದದ್ದು ಪಕ್ಕದಲ್ಲಿ ಟಿಪ್ಪರರಿ ಇದ್ದುದರಿಂದ. ಟಿಪ್ಪರರಿ ತನ್ನ ಮಟ್ಟ ಏರಿಸಿಕೊಂಡದ್ದು ಕಿಲ್ಕೆನಿಯ ಭಯದಿಂದ. ಎರಡರಲ್ಲಿ ಒಂದನ್ನು ತೆಗೆದುಹಾಕಿದರೆ ಇನ್ನೊಂದು ಬರಿ ಗೆಲ್ಲುವ ಯಂತ್ರ.

ಈಗ ಜನಸಂಖ್ಯೆಯ ಲೆಕ್ಕ. 2022ರ ಜನಗಣತಿಯ ಪ್ರಕಾರ ಕಿಲ್ಕೆನಿಯ ಜನ ಸುಮಾರು 1 ಲಕ್ಷ. ಕಾರ್ಕ್‌ನಲ್ಲಿ ಸುಮಾರು 5.8 ಲಕ್ಷ. ಡಬ್ಲಿನ್‌ನಲ್ಲಿ 14 ಲಕ್ಷಕ್ಕೂ ಹೆಚ್ಚು. ಮಾರುಕಟ್ಟೆಯ ನಿಯಮ ನಡೆದಿದ್ದರೆ ಟ್ರೋಫಿಗಳೆಲ್ಲ ಡಬ್ಲಿನ್‌ನಲ್ಲಿರಬೇಕಿತ್ತು. ಡಬ್ಲಿನ್ ಕೊನೆಯ ಬಾರಿ ಹರ್ಲಿಂಗ್ ಚಾಂಪಿಯನ್ ಆದದ್ದು 1938ರಲ್ಲಿ. ಕಿಲ್ಕೆನಿ 36 ಬಾರಿ ಗೆದ್ದಿದೆ, ಬೇರೆಲ್ಲರಿಗಿಂತ ಹೆಚ್ಚು. ಹರಾಜು ಇದ್ದಿದ್ದರೆ ಹತ್ತು ಪದಕ ಗೆದ್ದ ಹೆನ್ರಿ ಶೆಫ್ಲಿನ್ ಇಪ್ಪತ್ತೆರಡನೆಯ ವಯಸ್ಸಿಗೆ ಡಬ್ಲಿನ್‌ನ ಅಂಗಿ ತೊಟ್ಟಿರುತ್ತಿದ್ದರೇನೋ. ಆಗ ಡಬ್ಲಿನ್‌ಗೆ ಕಪ್ ಸಿಗುತ್ತಿತ್ತು, ಯಾರಿಗೂ ಸಂತೋಷ ಸಿಗುತ್ತಿರಲಿಲ್ಲ.

ಭಾರತದಲ್ಲಿ ಕೂತು ಓದುವವರಿಗೆ ಈ ವ್ಯತ್ಯಾಸ ಗೊತ್ತಿಲ್ಲದ್ದಲ್ಲ. ಬಾಂಬೆ ತಂಡ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿತ್ತು. 1973-74ರ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ ಬೆಂಗಳೂರಿನಲ್ಲಿ ಆ ಸರಪಳಿ ಕಡಿದು, ಮುಂದೆ ಮೊದಲ ಬಾರಿಗೆ ಟ್ರೋಫಿಯನ್ನೂ ಎತ್ತಿತು. ಅವತ್ತು ರೇಡಿಯೊ ಪಕ್ಕ ಕೂತಿದ್ದ ಮಾಟುಂಗಾದ ಕನ್ನಡಿಗ ಮರುದಿನ ಆಫೀಸಿನಲ್ಲಿ ತಲೆಯೆತ್ತಿ ನಡೆಯಲು ಕಾರಣವಿತ್ತು: ಎದುರಿದ್ದವನು ಕೊಂಡುತಂದ ತಾರೆಯಲ್ಲ, ಪಕ್ಕದ ಮೇಜಿನ ಸಹೋದ್ಯೋಗಿಯ ಊರಿನವನು. ಇವತ್ತು ಹರಾಜಿನ ಲೀಗ್‌ನಲ್ಲಿ ಆಟಗಾರ ಈ ವರ್ಷ ಒಂದು ಊರಿನವನು, ಮುಂದಿನ ವರ್ಷ ಇನ್ನೊಂದು ಊರಿನವನು. ರಂಜನೆಗೆ ಕೊರತೆಯಿಲ್ಲ, ಕೂಗಾಟಕ್ಕೂ ಕೊರತೆಯಿಲ್ಲ. ಆದರೆ ಅಲ್ಲಿ ಸೋತಾಗ ಸೋತದ್ದು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ.

ಎರಡನೆಯ ವಾದ ಹೆಚ್ಚು ಗಂಭೀರ. ಊರಿನ ಅಭಿಮಾನ ಎಂದರೆ ಹೊರಗಿನವನನ್ನು ದೂರ ಇಡುವುದು. ಹುಟ್ಟಿನ ಮೇಲೆ ನಿಂತ ಬಾಂಧವ್ಯ ಇವತ್ತಿನ ಜಗತ್ತಿಗೆ ಅಪಾಯ ಎನ್ನುತ್ತಾರೆ. ಈ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದೇ. ಅಭಿಮಾನದ ಹೆಸರಲ್ಲಿ ಏನೇನು ನಡೆದಿದೆ ಎಂದು ಊರು ಬಿಟ್ಟು ಬದುಕುವವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹರ್ಲಿಂಗ್ ಮೈದಾನವೂ ಶುದ್ಧವಲ್ಲ. ವೆಕ್ಸ್‌ಫರ್ಡ್‌ನ ಲೀ ಚಿನ್ ಅವರ ತಂದೆ ಮಲೇಷ್ಯಾ ಮೂಲದವರು; ಮೈದಾನದಲ್ಲಿ ತಮಗೆ ಎದುರಾದ ಜನಾಂಗೀಯ ನಿಂದನೆಯ ಬಗ್ಗೆ ಅವರು ಬಹಿರಂಗವಾಗಿ ಮಾತಾಡಿದ್ದಾರೆ. ಅದನ್ನು ಮುಚ್ಚಿಟ್ಟು ಹೊಗಳುವ ಹೊಗಳಿಕೆಗೆ ಬೆಲೆಯಿಲ್ಲ.

ಆದರೆ ಕೌಂಟಿಯ ನಿಯಮ ಏನು ಹೇಳುತ್ತದೆ ಎಂದು ಮತ್ತೊಮ್ಮೆ ಗಮನಿಸಬೇಕು. ಅದು ರಕ್ತ ಕೇಳುವುದಿಲ್ಲ. ಎಲ್ಲಿ ಬೆಳೆದೆ, ಯಾವ ಕ್ಲಬ್ಬಿನಲ್ಲಿ ಕೋಲು ಹಿಡಿದೆ ಎಂದು ಕೇಳುತ್ತದೆ. ಶಾನ್ ಓಗ್ ಓ ಹೆಲ್ಪಿನ್ ಫಿಜಿಯ ರೊಟುಮಾ ದ್ವೀಪದಲ್ಲಿ ಹುಟ್ಟಿದವರು. ತಾಯಿ ಅಲ್ಲಿಯವರು, ತಂದೆ ಫರ್ಮಾನಾ ಕೌಂಟಿಯವರು. ಬಾಲ್ಯ ಸಿಡ್ನಿಯಲ್ಲಿ. ಹುಡುಗನಾಗಿದ್ದಾಗ ಕುಟುಂಬ ಕಾರ್ಕ್‌ಗೆ ಬಂತು. 2005ರಲ್ಲಿ ಕಾರ್ಕ್ ಚಾಂಪಿಯನ್ ಆದಾಗ ನಾಯಕ ಅವರೇ. ಕಪ್ ಎತ್ತಿಹಿಡಿದು ಅವರು ಭಾಷಣ ಮಾಡಿದ್ದು ಐರಿಷ್ ಭಾಷೆಯಲ್ಲಿ. ಅಂದು ಕೆಂಪು ಅಂಗಿಯ ಜನಸಾಗರಕ್ಕೆ ಅವರಿಗಿಂತ ಹೆಚ್ಚು ಕಾರ್ಕ್‌ನವರು ಯಾರೂ ಇರಲಿಲ್ಲ.

ಇನ್ನೂ ಒಬ್ಬರಿದ್ದಾರೆ. ಝ್ಯಾಕ್ ಮೊರಾದಿ ಹುಟ್ಟಿದ್ದು ಇರಾಕಿನ ರಮಾದಿಯ ನಿರಾಶ್ರಿತರ ಶಿಬಿರದಲ್ಲಿ, ಕುರ್ದಿಷ್ ಕುಟುಂಬದಲ್ಲಿ. 2002ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ನಿರಾಶ್ರಿತನಾಗಿ ಐರ್ಲೆಂಡಿಗೆ ಬಂದು ಇಳಿದದ್ದು ಲೀಟ್ರಿಮ್ ಕೌಂಟಿಯಲ್ಲಿ. ಆ ಕೌಂಟಿಯಲ್ಲಿ ಜನವೇ ಕಡಿಮೆ; ಹರ್ಲಿಂಗ್ ಆಡುವವರು ಇನ್ನೂ ಕಡಿಮೆ. ಅಲ್ಲೇ ಮೊರಾದಿ ಕೋಲು ಹಿಡಿದರು. ಕೆಲವು ವರ್ಷಗಳ ನಂತರ ಕುಟುಂಬ ಡಬ್ಲಿನ್‌ನ ಟಾಲಾಕ್ಕೆ ಹೋಯಿತು. ಕ್ಲಬ್ ಅಲ್ಲಿಯದಾಯಿತು, ಬದುಕು ಅಲ್ಲಿಯದಾಯಿತು. ಕೌಂಟಿ ಮಾತ್ರ ಲೀಟ್ರಿಮ್ ಆಗಿಯೇ ಉಳಿಯಿತು. 2019ರಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ಐದನೆಯ ದರ್ಜೆಯ ಟೂರ್ನಿಯಾದ ಲೋರಿ ಮಾಹರ್ ಕಪ್‌ನ ಫೈನಲ್ ನಡೆದಾಗ ಹೆಚ್ಚುವರಿ ಸಮಯದಲ್ಲಿ ಒಂದು ಪಾಯಿಂಟ್‌ನಿಂದ ಗೆದ್ದ ಲೀಟ್ರಿಮ್ ತಂಡದಲ್ಲಿ ಮೊರಾದಿ ಇದ್ದರು.

ಊರು ಬಿಟ್ಟು ಇನ್ನೊಂದು ಊರಲ್ಲಿ ಅನ್ನ ಕಂಡುಕೊಂಡ ಯಾರಿಗಾದರೂ ಈ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಮನೆ ಟಾಲಾದಲ್ಲಿ, ಅಭಿಮಾನ ಲೀಟ್ರಿಮ್‌ನಲ್ಲಿ. ಹುಟ್ಟಿದ ಊರೂ ಅದಲ್ಲ, ಇರುವ ಊರೂ ಅದಲ್ಲ. ಮೊದಲು ಒಳಗೆ ಕರೆದ ಊರು ಅದು. ಬಾವಿಯ ಕಪ್ಪೆಯ ಅಭಿಮಾನ ಎಂದವರು ಇದಕ್ಕೆ ಉತ್ತರ ಹೇಳಲಿ. ಕ್ರೋಕ್ ಪಾರ್ಕ್‌ನಲ್ಲಿ ಎದುರು ತಂಡದ ಬೆಂಬಲಿಗರನ್ನು ಬೇಲಿ ಹಾಕಿ ಬೇರೆ ಕೂರಿಸುವ ಪದ್ಧತಿಯಿಲ್ಲ. ಕಪ್ಪು ಹಳದಿ ಅಂಗಿಯ ಅಜ್ಜನ ಪಕ್ಕದಲ್ಲಿ ನೀಲಿ ಹಳದಿ ಅಂಗಿಯ ಅಜ್ಜಿ ಕೂತು 70 ನಿಮಿಷ ಬೈದಾಡಿ, ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಗಂಡ ಒಂದು ಕೌಂಟಿ, ಹೆಂಡತಿ ಇನ್ನೊಂದು ಕೌಂಟಿಯಾದ ಮನೆಗಳಲ್ಲಿ ಆ ವಾರ ಅಡುಗೆಮನೆ ಸ್ವಲ್ಪ ಮೌನವಾಗಿರಬಹುದು, ಅಷ್ಟೆ.

ಮೂರನೆಯ ವಾದ ಕಚೇರಿಯಿಂದ ಬರುತ್ತದೆ. ಅದಕ್ಕೇ ಅದು ಅತ್ಯಂತ ಅಪಾಯಕಾರಿ. ದುರ್ಬಲ ಕೌಂಟಿಗಳ ಮೇಲೆ ದುಡ್ಡು ಯಾಕೆ ಸುರಿಯಬೇಕು ಎಂಬ ವಾದ. 2023ರ ಕೊನೆಯಲ್ಲಿ ಜಿಎಎಯ ಒಳಗೇ ಒಂದು ಪ್ರಸ್ತಾಪ ಎದ್ದಿತು: ಕ್ಯಾವನ್, ಫರ್ಮಾನಾ, ಲೀಟ್ರಿಮ್, ಲಾಂಗ್‌ಫರ್ಡ್, ಲೌತ್ ಈ ಐದು ಕೌಂಟಿಗಳ ಹಿರಿಯರ ತಂಡಗಳನ್ನು ರಾಷ್ಟ್ರೀಯ ಹರ್ಲಿಂಗ್ ಲೀಗ್‌ನಿಂದ ಕೈಬಿಟ್ಟು, ಆ ಹಣವನ್ನು ಅಲ್ಲಿನ ಮಕ್ಕಳಿಗೆ ಆಟ ಕಲಿಸಲು ಬಳಸಬೇಕು. ಕಾಗದದ ಮೇಲೆ ಓದಲು ಚೆನ್ನಾಗಿದೆ. ಮಕ್ಕಳಿಗೆ ಕಲಿಸಬೇಡಿ ಎಂದು ಯಾರು ತಾನೇ ಹೇಳುತ್ತಾರೆ? ಆದರೆ ಲೀಟ್ರಿಮ್‌ನ ಹತ್ತು ವರ್ಷದ ಹುಡುಗನಿಗೆ ಕೋಲು ಕೊಟ್ಟು, ನೀನು ದೊಡ್ಡವನಾದಾಗ ತೊಡಲು ಅಂಗಿ ಇರುವುದಿಲ್ಲ ಎಂದು ಹೇಳಿದರೆ ಅವನು ಯಾಕೆ ಕಲಿಯುತ್ತಾನೆ? ಬಿತ್ತನೆ ಮಾಡಿ, ಕೊಯ್ಲು ಬೇಡ ಎಂದ ಹಾಗಾಯಿತು. ಮೊರಾದಿಯಂಥವರಿಗೆ ಐರ್ಲೆಂಡಿನಲ್ಲಿ ಒಂದು ಬಾಗಿಲು ತೆರೆದದ್ದು ಇದೇ 'ದುರ್ಬಲ' ಕೌಂಟಿ. ವಿರೋಧ ಜೋರಾಗಿ ಎದ್ದಿತು, ಪ್ರಸ್ತಾಪ ಬಿದ್ದುಹೋಯಿತು. ಆದರೆ ಅಂಥ ಪ್ರಸ್ತಾಪಗಳು ಸಾಯುವುದಿಲ್ಲ. ಇನ್ನೊಂದು ವರ್ಷ ಇನ್ನೊಂದು ಹೆಸರಿನಲ್ಲಿ ಬರುತ್ತವೆ.

ಸೋಲು ವ್ಯರ್ಥ ಎಂದು ನಂಬುವವರು ಹರ್ಲಿಂಗ್‌ನ ದಾಖಲೆ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಕ್ಲೇರ್ 1914ರಲ್ಲಿ ಗೆದ್ದ ಮೇಲೆ ಮತ್ತೆ ಗೆದ್ದದ್ದು 1995ರಲ್ಲಿ. 81 ವರ್ಷ! ಬಿಡಿ ಅರ್ಲಿ ಎಂಬ ನಾಟಿ ವೈದ್ಯೆಯ ಶಾಪ ತಮ್ಮ ತಂಡಕ್ಕೆ ತಗುಲಿದೆ ಎಂದು ಜನ ನಂಬಿದ್ದರು. ಆಕೆ ತೀರಿಹೋದದ್ದು 1874ರಲ್ಲಿ, ಜಿಎಎ ಹುಟ್ಟುವುದಕ್ಕೂ ಹತ್ತು ವರ್ಷ ಮೊದಲು. ಸೋಲಿಗೆ ಕಾರಣ ಬೇಕಿದ್ದಾಗ ಜನ ಪಂಚಾಂಗ ನೋಡುವುದಿಲ್ಲ. ಲಿಮರಿಕ್ 1973ರ ನಂತರ 2018ರವರೆಗೆ 45 ವರ್ಷ ಕಾದಿತು. ವಾಟರ್‌ಫರ್ಡ್ 1959ರಿಂದ ಇನ್ನೂ ಕಾಯುತ್ತಲೇ ಇದೆ. 30 ಬಾರಿ ಗೆದ್ದ ಕಾರ್ಕ್‌ಗೆ 2005ರ ಮೇಲೆ ಒಂದೂ ಇಲ್ಲ. 2006, 2013, 2021, 2024, 2025, ಐದು ಫೈನಲ್ ಸೋಲು. 2025ರ ಸೋಲಂತೂ ಕೆಟ್ಟ ಕನಸು: ಮಧ್ಯಂತರಕ್ಕೆ ಟಿಪ್ಪರರಿಗಿಂತ ಆರು ಪಾಯಿಂಟ್ ಮುಂದಿದ್ದ ತಂಡ ದ್ವಿತೀಯಾರ್ಧದಲ್ಲಿ ಗಳಿಸಿದ್ದು ಬರಿ ಎರಡು ಪಾಯಿಂಟ್.

ಯಾವುದೇ ಕಂಪನಿಯ ಲೆಕ್ಕಿಗ ಈ ಅಂಕಿಗಳನ್ನು ನೋಡಿದರೆ ಅಂಗಡಿ ಮುಚ್ಚಿ ಎನ್ನುತ್ತಾನೆ. ಜನ ಮುಚ್ಚಲಿಲ್ಲ. ಏಕೆಂದರೆ ಅವರು ಗಿರಾಕಿಗಳಲ್ಲ. ಗಿರಾಕಿ ಸರಕು ಕೆಟ್ಟರೆ ಅಂಗಡಿ ಬದಲಿಸುತ್ತಾನೆ. ಸೋತ ಕಾರ್ಕ್‌ನವನು ಮರುವರ್ಷ ಟಿಪ್ಪರರಿಯವನಾಗುವುದಿಲ್ಲ. ಆಗಲು ಸಾಧ್ಯವೇ ಇಲ್ಲ ಎಂಬುದೇ ಆ ಬಾಂಧವ್ಯದ ಜೀವ.

ಇಲ್ಲಿಗೆ ನಾಲ್ಕನೆಯ ಗುಂಪಿಗೆ ಬರಬೇಕು. ಇವರು ಜಿದ್ದನ್ನು ಗೇಲಿ ಮಾಡುವವರಲ್ಲ, ಹಾಡಿ ಹೊಗಳುವವರು. ಜಾಹೀರಾತಿನಲ್ಲಿ ಹಳೆಯ ಹೊಲ, ಮಣ್ಣು ಮೆತ್ತಿದ ಮಂಡಿ, ಅಜ್ಜನ ಕೋಲು ತೋರಿಸಿ ಕಣ್ಣು ಒದ್ದೆ ಮಾಡುವವರು. ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಟಿಕೆಟ್ ಯಂತ್ರ ಮುಂದೆ ಹಿಡಿಯುವವರು.

ಜಿಎಎ ಮತ್ತು ಸರ್ಕಾರಿ ಪ್ರಸಾರ ಸಂಸ್ಥೆ ಆರ್‌ಟಿಇ ಸೇರಿ 2014ರಲ್ಲಿ ಜಿಎಎಗೋ ಎಂಬ ಇಂಟರ್‌ನೆಟ್ ಸೇವೆ ಶುರುಮಾಡಿದವು. ಉದ್ದೇಶ ಒಳ್ಳೆಯದು: ಹೊಟ್ಟೆಪಾಡಿಗೆ ದೇಶ ಬಿಟ್ಟ ಐರಿಷ್ ಜನ ಸಿಡ್ನಿಯಲ್ಲೋ ಬಾಸ್ಟನ್‌ನಲ್ಲೋ ಕೂತು ತಮ್ಮ ಕೌಂಟಿಯ ಆಟ ನೋಡಲಿ. 2023ರಲ್ಲಿ ಅದೇ ಸೇವೆ ಐರ್ಲೆಂಡಿನ ಒಳಗೇ ಕೆಲವು ಚಾಂಪಿಯನ್‌ಶಿಪ್ ಪಂದ್ಯಗಳಿಗೆ ದುಡ್ಡು ಕೇಳತೊಡಗಿತು. ಹೊರಗಿದ್ದವರಿಗೆ ತೆರೆದ ಕಿಟಕಿ ಒಳಗಿದ್ದವರಿಗೆ ಗೇಟಾಯಿತು. 2024ರ ಮೇ ತಿಂಗಳಲ್ಲಿ ಕಾರ್ಕ್ ತಂಡ ಸತತ ನಾಲ್ಕು ಬಾರಿಯ ಚಾಂಪಿಯನ್ ಲಿಮರಿಕ್ ಅನ್ನು ಎರಡು ಪಾಯಿಂಟ್‌ನಿಂದ ಸೋಲಿಸಿದ ಅಪೂರ್ವ ಪಂದ್ಯ ಆ ಗೇಟಿನ ಹಿಂದಿತ್ತು. ಸಿಟ್ಟು ಬೀದಿಗೆ ಬಂತು, ರಾಜಕಾರಣಿಗಳೂ ದನಿಗೂಡಿಸಿದರು. ಈಗ ಹೆಸರು ಬದಲಾಗಿ ಜಿಎಎ ಪ್ಲಸ್ ಆಗಿದೆ. ಗೇಟು ಅಲ್ಲೇ ಇದೆ.

ಅವರ ಸಮರ್ಥನೆಯನ್ನೂ ಕೇಳಬೇಕು. 2018ರಿಂದ ಮನ್‌ಸ್ಟರ್ ಮತ್ತು ಲೆನ್‌ಸ್ಟರ್ ಪ್ರಾಂತ್ಯಗಳಲ್ಲಿ ಕೌಂಟಿಗಳು ಒಂದು ಸುತ್ತು ಪರಸ್ಪರ ಆಡುವ ಪದ್ಧತಿ ಬಂದ ಮೇಲೆ ಪಂದ್ಯಗಳು ಹೆಚ್ಚಿವೆ, ಎಲ್ಲವನ್ನೂ ಉಚಿತ ಟಿವಿಯಲ್ಲಿ ತೋರಿಸಲಾಗದು ಎನ್ನುತ್ತಾರೆ. ಬಂದ ಹಣ ಯಾವ ಶೇರುದಾರನ ಜೇಬಿಗೂ ಹೋಗುವುದಿಲ್ಲ, ಆಟಕ್ಕೇ ವಾಪಸ್ ಹೋಗುತ್ತದೆ ಎನ್ನುತ್ತಾರೆ. ಎರಡೂ ನಿಜ. ಆದರೆ ಪ್ರಶ್ನೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ಅಲ್ಲ, ಯಾವ ವಸ್ತುವನ್ನು ಮಾರಲಾಗುತ್ತಿದೆ ಎಂಬುದು. ಆಡುವವನಿಗೆ ಸಂಬಳವಿಲ್ಲ. ಅಂಗಿ ಒಗೆದ ತಾಯಿಗೆ, ಹುಡುಗರನ್ನು ಕಾರಿನಲ್ಲಿ ಹೊತ್ತೊಯ್ದ ನೆರೆಯವನಿಗೆ, ಹುಲ್ಲು ಕತ್ತರಿಸಿದ ನಿವೃತ್ತ ಮೇಷ್ಟರಿಗೆ ಯಾರೂ ಬಿಲ್ ಕೊಟ್ಟಿಲ್ಲ. ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಊರೆಲ್ಲ ಬಿಟ್ಟಿ ದುಡಿದು ಬೆಳೆಸಿದ ಜಿದ್ದನ್ನು ಅದೇ ಊರಿನ ಮುದುಕಿಗೆ ಪಂದ್ಯಕ್ಕಿಷ್ಟು ಎಂದು ಮಾರುವುದು, ಅವಳ ಹಿತ್ತಲ ಹೂವು ಕಿತ್ತು ಅವಳಿಗೇ ಮಾಲೆ ಕಟ್ಟಿ ಕೊಟ್ಟು ಕಾಸು ಕೇಳಿದಂತೆ.

ಹಾಗೆಂದು ಈಗಿರುವುದೆಲ್ಲ ಸರಿ ಎಂದಲ್ಲ. ಸಂಬಳವಿಲ್ಲದ ಆಟಗಾರನಿಂದ ವೃತ್ತಿಪರನ ತರಬೇತಿ ನಿರೀಕ್ಷಿಸುವುದು ಅನ್ಯಾಯ. ಆಟಗಾರರು 1999ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡದ್ದು ಸುಮ್ಮನೆ ಅಲ್ಲ. ಶ್ರೀಮಂತ ಪೋಷಕರಿರುವ ಕೌಂಟಿಗೂ ಇಲ್ಲದ ಕೌಂಟಿಗೂ ಅಂತರವಿದೆ. 2024ರಲ್ಲಿ ಲಿಮರಿಕ್‌ನ ದೊಡ್ಡ ಬೆಂಬಲಿಗ, ಕೋಟ್ಯಧಿಪತಿ ಜೆ.ಪಿ. ಮಕ್‌ಮ್ಯಾನಸ್ 32 ಕೌಂಟಿಗಳ ಕ್ಲಬ್‌ಗಳಿಗೆ ಹಂಚಲೆಂದು ಕೌಂಟಿಗೆ 10 ಲಕ್ಷ ಯೂರೊಗಳಂತೆ ಕೊಟ್ಟರು. ಕೈ ದೊಡ್ಡದು, ಒಪ್ಪೋಣ. ಆದರೆ ಆಟದ ಸಮತೋಲ ಒಬ್ಬ ದಾನಿಯ ಔದಾರ್ಯವನ್ನು ನೆಚ್ಚಿಕೊಳ್ಳಬಾರದು. ಬಂದ ಆದಾಯವನ್ನು ಬಡ ಕೌಂಟಿಗೆ ಹೆಚ್ಚು, ಸಿರಿವಂತ ಕೌಂಟಿಗೆ ಕಡಿಮೆ ಹಂಚುವುದು, ಆಟಗಾರನ ಖರ್ಚನ್ನು ಪೂರ್ತಿ ಭರಿಸುವುದು, ಚಾಂಪಿಯನ್‌ಶಿಪ್ ಪಂದ್ಯಗಳನ್ನು ದೇಶದೊಳಗೆ ಎಲ್ಲರಿಗೂ ಉಚಿತವಾಗಿ ತೋರಿಸುವುದು, ಇವು ಜಿದ್ದನ್ನು ಉಳಿಸುವ ದಾರಿಗಳು. ಕತ್ತರಿಸುವುದೂ ಮಾರುವುದೂ ಅಲ್ಲ.

ಕೊನೆಗೆ ಮತ್ತೆ ಆಫಲಿ. 1998ರಲ್ಲಿ ಹುಲ್ಲಿನ ಮೇಲೆ ಕೂತು ನ್ಯಾಯ ಗೆದ್ದ ಆ ಕೌಂಟಿ ಅಂದಿನಿಂದ ಹಿರಿಯರ ಚಾಂಪಿಯನ್‌ಶಿಪ್ ಗೆದ್ದಿಲ್ಲ. ಬರಬರುತ್ತಾ ಕುಸಿಯಿತು. 2018ರಲ್ಲಿ ಮೇಲಿನ ದರ್ಜೆಯಿಂದ ಬಿತ್ತು, 2019ರಲ್ಲಿ ಎರಡನೆಯ ದರ್ಜೆಯಿಂದಲೂ ಬಿತ್ತು. ಅದು ಫ್ರಾಂಚೈಸಿಯಾಗಿದ್ದರೆ ಮಾಲೀಕ ಅದನ್ನು ಎಂದೋ ಮಾರಿ, ಹೆಸರು ಬದಲಿಸಿ, ಇನ್ನೊಂದು ನಗರಕ್ಕೆ ಒಯ್ಯುತ್ತಿದ್ದ. ಆಫಲಿಯನ್ನು ಒಯ್ಯಲು ಬರುವುದಿಲ್ಲ. ಅದು ಅಲ್ಲೇ ಇದೆ, ಅದರ ಜನ ಅಲ್ಲೇ ಇದ್ದಾರೆ. ಅವರು ಮೂರನೆಯ ದರ್ಜೆಯ ಪಂದ್ಯಗಳಿಗೂ ಹೋದರು. 2021ರಲ್ಲಿ ಮೂರನೆಯ ದರ್ಜೆ ಗೆದ್ದರು. 2024ರಲ್ಲಿ ಎರಡನೆಯದನ್ನು ಗೆದ್ದು ಮೇಲಕ್ಕೆ ಬಂದರು. ಅದೇ ವರ್ಷ ಜೂನ್‌ನಲ್ಲಿ ಕಿಲ್ಕೆನಿಯ ನೋಲನ್ ಪಾರ್ಕ್‌ನಲ್ಲಿ 20 ವರ್ಷದೊಳಗಿನವರ ಅಖಿಲ ಐರ್ಲೆಂಡ್ ಫೈನಲ್ ನಡೆಯಿತು. ಹುಡುಗರ ಪಂದ್ಯಕ್ಕೆ 25 ಸಾವಿರಕ್ಕೂ ಹೆಚ್ಚು ಜನ. ಆಫಲಿಯ ಹುಡುಗರು ಟಿಪ್ಪರರಿಯನ್ನು ಸೋಲಿಸಿದರು.

ಆ ಹುಡುಗರಲ್ಲಿ ಯಾರೂ 1998ರಲ್ಲಿ ಹುಟ್ಟಿರಲಿಲ್ಲ. ಸೀಟಿ ಬೇಗ ಊದಿದ ಕತೆಯನ್ನು ಅವರಿಗೆ ಯಾರೋ ಹೇಳಿರಬೇಕು. ಅವತ್ತು ಮೈದಾನದಲ್ಲಿ ಕೂತಿದ್ದವರ ಪೈಕಿ ಯಾರೋ ಒಬ್ಬರು.